ಮೊಬೈಲಿಗಾಗಿ ದೃಶ್ಯ ಮತ್ತು ಧ್ವನಿ ಕಡತಗಳ ಸಿದ್ಧತೆ: ಒಂದು ಕಿರು ಕೈಪಿಡಿ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ದೃಶ್ಯಮುದ್ರಣಗಳಿಗೆ ಇಂದು ಕೊರತೆಯಿಲ್ಲ. ರಾಜ್ಯೋತ್ಸವದ ಸಮಾರಂಭ, ಮಕ್ಕಳ ರಂಗಪ್ರವೇಶ, ಸಭಾಭವನದಲ್ಲಿ ನಡೆದ ಕಾಲಮಿತಿ ಯಕ್ಷಗಾನ, ಮನೆಯಲ್ಲಿ ಏರ್ಪಡಿಸಿದ ತಾಳಮದ್ದಳೆ, ಹಿರಿಯರ ಗಮಕ ವಾಚನ ಇವೆಲ್ಲವನ್ನೂ ಊರಿನ ಬಂಧುಗಳಿಗೆ ತಲುಪಿಸಬೇಕೆಂಬ ಆಸೆ ಸಹಜವಾದುದು. ಅವರು ಅದನ್ನು ನೋಡುವುದು ಬಹುಮಟ್ಟಿಗೆ ಮೊಬೈಲಿನಲ್ಲಿಯೇ. ಆದರೆ ಸಂಕಲನವನ್ನು ಮುಗಿಸಿ ‘ಎಕ್ಸ್‌ಪೋರ್ಟ್’ ಎಂಬ ಗುಂಡಿಯನ್ನು ಒತ್ತಿದೊಡನೆ ತೆರೆದುಕೊಳ್ಳುವ ಹತ್ತಾರು ಆಯ್ಕೆಗಳ ಮುಂದೆ ಅನೇಕರು ತಬ್ಬಿಬ್ಬಾಗುತ್ತಾರೆ. ಆ ಆಯ್ಕೆಗಳ ಅರ್ಥವನ್ನೂ, ನಮ್ಮ ಕಾರ್ಯಕ್ರಮಗಳಿಗೆ ಒಪ್ಪುವ ಅಳತೆಗಳನ್ನೂ ಇಲ್ಲಿ ಸಂಗ್ರಹವಾಗಿ ಕೊಡಲಾಗಿದೆ.

ಮೂಲಪ್ರತಿ ಬೇರೆ, ಹಂಚುವ ಪ್ರತಿ ಬೇರೆ

ಎಲ್ಲಕ್ಕಿಂತ ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿಯೊಂದಿದೆ. ಮೊಬೈಲಿಗಾಗಿ ಸಿದ್ಧಪಡಿಸುವ ಕಡತವು ಹಂಚುವುದಕ್ಕಾಗಿ ಇರುವ ಪ್ರತಿಯೇ ಹೊರತು ಕಾಪಿಡುವ ಪ್ರತಿಯಲ್ಲ. ಗಾತ್ರವನ್ನು ಕುಗ್ಗಿಸುವಾಗ ಕಣ್ಣಿಗೂ ಕಿವಿಗೂ ಅಷ್ಟಾಗಿ ತೋರದ ವಿವರಗಳನ್ನು ತಂತ್ರಾಂಶವು ಶಾಶ್ವತವಾಗಿ ಕಳೆದುಬಿಡುತ್ತದೆ. ಅದೇ ಪ್ರತಿಯನ್ನು ಮತ್ತೆ ಕುಗ್ಗಿಸಿದರೆ ಇನ್ನಷ್ಟು ಕಳೆದುಹೋಗುತ್ತದೆ. ಓಲೆಗರಿಯ ಗ್ರಂಥಗಳಲ್ಲಿ ಪ್ರತಿಯಿಂದ ಪ್ರತಿ ಮಾಡುತ್ತ ಹೋದಂತೆ ಲಿಪಿಕಾರರ ತಪ್ಪುಗಳು ಸೇರಿಕೊಂಡು ಪಾಠ ಕೆಡುತ್ತಿದ್ದುದನ್ನು ಇದಕ್ಕೆ ಹೋಲಿಸಬಹುದು.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2006ರಲ್ಲಿ ನಮ್ಮ ಮನೆಯಲ್ಲಿ ನಡೆದ ತಾಳಮದ್ದಳೆಯೊಂದನ್ನು ಟೇಪಿನಲ್ಲಿ ಮುದ್ರಿಸಿಕೊಂಡವರು ಅದನ್ನು ಅಂದಿನ ಮೊಬೈಲುಗಳಿಗೆ ಒಪ್ಪುವ 3ಜಿಪಿ ಕಡತವನ್ನಾಗಿ ಮಾಡಿ ಕೊಟ್ಟರು. ಟೇಪನ್ನು ಮತ್ತೊಂದು ಸಮಾರಂಭಕ್ಕೆ ಬಳಸಿಕೊಂಡರು. ಈಗ ನಮ್ಮಲ್ಲಿ ಉಳಿದಿರುವುದು 176×144 ಚುಕ್ಕೆಗಳ ಚಿತ್ರ, ದೂರವಾಣಿಯ ಮಾತಿನಂಥ ಧ್ವನಿ. ಅರ್ಥ ಹೇಳಿದ ಹಿರಿಯರ ಮುಖದ ಭಾವವಾಗಲಿ, ಮದ್ದಳೆಯ ನುಡಿಕಾರವಾಗಲಿ ಅದರಲ್ಲಿಲ್ಲ. ಅಂದಿನ ಮಿನಿ ಡಿವಿ ಟೇಪಿನ ಒಂದು ಗಂಟೆಯ ಮುದ್ರಣಕ್ಕೆ ಗಣಕಯಂತ್ರದಲ್ಲಿ ಬೇಕಾಗುತ್ತಿದ್ದ ಸ್ಥಳ ಸುಮಾರು 13 ಜಿಬಿ. ಇಂದಿನ ಹಾರ್ಡ್ ಡಿಸ್ಕಿನಲ್ಲಿ ಅದು ಅತ್ಯಲ್ಪ.

ಪೆಟ್ಟಿಗೆ ಮತ್ತು ಸಂಕೇತ

ಎಂಪಿ4 ಎಂಬುದು ಪೆಟ್ಟಿಗೆಯ ಹೆಸರು. ಚಿತ್ರ ಮತ್ತು ಧ್ವನಿಗಳು ಅದರೊಳಗೆ ಬೇರೆ ಬೇರೆ ಸಂಕೇತಗಳಲ್ಲಿ ಅಡಕವಾಗಿರುತ್ತವೆ. ಈ ಸಂಕೇತ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಒಂದೇ ಬಗೆಯ ಪೆಟ್ಟಿಗೆ ಒಂದು ಮೊಬೈಲಿನಲ್ಲಿ ತೆರೆದು ಇನ್ನೊಂದರಲ್ಲಿ ತೆರೆಯದಿರುವುದಕ್ಕೆ ಸಾಮಾನ್ಯವಾಗಿ ಒಳಗಿನ ಕೋಡೆಕ್ಕೇ ಕಾರಣ.

ಚಿತ್ರಕ್ಕೆ 2003ರಲ್ಲಿ ಪ್ರಮಾಣೀಕೃತವಾದ ಎಚ್.264, ಧ್ವನಿಗೆ ಎಎಸಿ, ಇವೆರಡನ್ನೂ ಹೊತ್ತ ಎಂಪಿ4 ಪೆಟ್ಟಿಗೆ: ಈ ಜೋಡಣೆಯು ಹಳೆಯ ಮತ್ತು ಹೊಸ ಮೊಬೈಲುಗಳೆರಡರಲ್ಲಿಯೂ ತೊಡಕಿಲ್ಲದೆ ನಡೆಯುತ್ತದೆ. 2013ರಲ್ಲಿ ಬಂದ ಎಚ್.265 ಅದೇ ಗುಣಮಟ್ಟವನ್ನು ಕಡಿಮೆ ಗಾತ್ರದಲ್ಲಿ ಕೊಡುವುದಾದರೂ ಹಳೆಯ ಉಪಕರಣಗಳಲ್ಲಿ ಧ್ವನಿ ಮಾತ್ರ ಕೇಳಿಸಿ ಚಿತ್ರ ಕಾಣದಿರುವ ಸಂಭವವುಂಟು. 2017ರಿಂದೀಚೆಗೆ ಐಫೋನುಗಳ ಸಹಜ ಮುದ್ರಣ ಇದೇ ಸಂಕೇತದಲ್ಲಿರುವುದರಿಂದ ಅಲ್ಲಿಂದ ಬಂದ ಕಡತವನ್ನು ಹಂಚುವ ಮುನ್ನ ಎಚ್.264ಕ್ಕೆ ಪರಿವರ್ತಿಸುವುದು ಕ್ಷೇಮ.

ಚಿತ್ರದ ಅಳತೆ

ಅಂಗೈಯಗಲದ ಪರದೆಗೆ 1280×720, ಅಂದರೆ 720ಪಿ, ಧಾರಾಳವಾಗಿ ಸಾಕು. ದೊಡ್ಡ ಪರದೆಯಲ್ಲಿಯೂ ನೋಡುವವರಿದ್ದರೆ 1920×1080ರ ಇನ್ನೊಂದು ಪ್ರತಿಯನ್ನು ಮಾಡಬಹುದು. ಮೂಲಕ್ಕಿಂತ ಹೆಚ್ಚಿನ ಅಳತೆಯನ್ನು ಆರಿಸುವುದರಿಂದ ಕಡತ ಊದಿಕೊಳ್ಳುತ್ತದೆಯೇ ವಿನಾ ಇಲ್ಲದ ವಿವರ ಹುಟ್ಟುವುದಿಲ್ಲ.

ಹಳೆಯ ಟೇಪು ಮತ್ತು ಡಿವಿಡಿಗಳ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಲ್ಲಿ ಚಿತ್ರವು 720×576 ಚುಕ್ಕೆಗಳದ್ದಾದರೂ ಆ ಚುಕ್ಕೆಗಳು ಸಮಚೌಕವಲ್ಲ. ಆದುದರಿಂದ ಹಳೆಯ 4:3 ಆಕಾರದ ಚಿತ್ರವನ್ನು 768×576 ಅಳತೆಗೆ ತರತಕ್ಕದ್ದು. ಅದನ್ನು ಅಗಲದ ಪರದೆಗೆಂದು ಎಳೆದರೆ ವೇಷಧಾರಿಗಳೆಲ್ಲ ಕುಳ್ಳಗೆ, ದಪ್ಪಗೆ ಕಾಣುತ್ತಾರೆ. ಎರಡನೆಯದಾಗಿ, ಆ ಪದ್ಧತಿಯಲ್ಲಿ ಸಮ ಮತ್ತು ಬೆಸ ಗೆರೆಗಳನ್ನು ಒಂದಾದ ಮೇಲೊಂದರಂತೆ ಮುದ್ರಿಸಲಾಗುತ್ತಿತ್ತು. ಹಾಗೆಯೇ ಬಿಟ್ಟರೆ ಚಲಿಸುವ ವಸ್ತುವಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತವೆ. ‘ಡಿಇಂಟರ್‌ಲೇಸ್’ ಎಂಬ ಆಯ್ಕೆಯಿಂದ ಇದನ್ನು ನಿವಾರಿಸಬಹುದು.

ಚೌಕಟ್ಟುಗಳ ಸಂಖ್ಯೆ

ಪಾಲ್ ಪದ್ಧತಿಯ ಕ್ಯಾಮರಾಗಳು ಸೆಕೆಂಡಿಗೆ 25, ಮೊಬೈಲುಗಳು ಸಾಮಾನ್ಯವಾಗಿ 30 ಚೌಕಟ್ಟುಗಳನ್ನು ಹಿಡಿಯುತ್ತವೆ. ಮೂಲದಲ್ಲಿರುವ ಸಂಖ್ಯೆಯನ್ನೇ ಉಳಿಸಿಕೊಳ್ಳುವುದು ಉತ್ತಮ. 25ನ್ನು 30 ಮಾಡಹೊರಟರೆ ಚಲನೆ ಮುಗ್ಗರಿಸಿದಂತೆ ಕಾಣುತ್ತದೆ. ಬೆಳಕು ಕಡಿಮೆಯಾದಾಗ ಮೊಬೈಲ್ ತಾನಾಗಿಯೇ ಚೌಕಟ್ಟುಗಳ ವೇಗವನ್ನು ಬದಲಿಸುವುದುಂಟು. ಇಂಥ ಮುದ್ರಣವನ್ನು ನೇರವಾಗಿ ಸಂಕಲನಕ್ಕೆ ತೆಗೆದುಕೊಂಡರೆ ಕೆಲವೊಮ್ಮೆ ಹೆಜ್ಜೆಗೂ ತಾಳಕ್ಕೂ ಹೊಂದಿಕೆ ತಪ್ಪಿಹೋಗುತ್ತದೆ. ಮೊದಲು ‘ಕಾನ್‌ಸ್ಟಂಟ್ ಫ್ರೇಮ್ ರೇಟ್’ ಎಂಬ ಸ್ಥಿರವೇಗದ ಆಯ್ಕೆಯಿಂದ ಪರಿವರ್ತಿಸಿಕೊಂಡರೆ ಈ ದೋಷ ತಪ್ಪುತ್ತದೆ.

ಬಿಟ್ ರೇಟ್ ಮತ್ತು ಗಾತ್ರದ ಲೆಕ್ಕ

ಒಂದು ಸೆಕೆಂಡಿನ ಚಿತ್ರಕ್ಕೆ ಅಥವಾ ಧ್ವನಿಗೆ ಎಷ್ಟು ಮಾಹಿತಿಯನ್ನು ವ್ಯಯಿಸಲಾಗುತ್ತದೆಯೋ ಅದೇ ಬಿಟ್ ರೇಟ್. ಕಡತದ ಗಾತ್ರವನ್ನು ನಿರ್ಧರಿಸುವುದು ಇದು ಮತ್ತು ಅವಧಿ, ಇವೆರಡೇ. ಚಿತ್ರಕ್ಕೆ 2500 ಕಿಲೋಬಿಟ್, ಧ್ವನಿಗೆ 128 ಕಿಲೋಬಿಟ್ ಇಟ್ಟರೆ ಒಟ್ಟು 2628. ಇದನ್ನು ಗಂಟೆಯ 3600 ಸೆಕೆಂಡುಗಳಿಂದ ಗುಣಿಸಿ, ಎಂಟು ಬಿಟ್‌ಗಳಿಗೆ ಒಂದು ಬೈಟ್ ಆದುದರಿಂದ ಎಂಟರಿಂದ ಭಾಗಿಸಿದರೆ ಸುಮಾರು 1.2 ಜಿಬಿ ಬರುತ್ತದೆ. ಮೂರು ಗಂಟೆಯ ಪ್ರಸಂಗಕ್ಕೆ ಸುಮಾರು 3.5 ಜಿಬಿ. ಇಲ್ಲಿ ಇನ್ನೊಂದು ಮಿತಿಯನ್ನೂ ಗಮನಿಸಬೇಕು. 32 ಜಿಬಿವರೆಗಿನ ಮೆಮೊರಿ ಕಾರ್ಡುಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್32 ವ್ಯವಸ್ಥೆಯು 4 ಜಿಬಿಗಿಂತ ದೊಡ್ಡದಾದ ಒಂದೇ ಕಡತವನ್ನು ಸ್ವೀಕರಿಸುವುದಿಲ್ಲ. ದೀರ್ಘ ಪ್ರಸಂಗವನ್ನು ಎರಡು ಭಾಗ ಮಾಡುವುದು ಲೇಸು.

ಹಾಗಾದರೆ ಎಷ್ಟು ಬಿಟ್ ರೇಟ್ ಯೋಗ್ಯ? ಅದು ಕಾರ್ಯಕ್ರಮದ ಸ್ವಭಾವವನ್ನು ಅವಲಂಬಿಸಿದೆ. ಎಚ್.264 ಪ್ರತಿ ಚೌಕಟ್ಟನ್ನೂ ಪೂರ್ಣವಾಗಿ ಬರೆಯುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರವನ್ನು ಬರೆದು, ನಡುವಿನ ಚೌಕಟ್ಟುಗಳಲ್ಲಿ ಬದಲಾದುದನ್ನಷ್ಟೇ ದಾಖಲಿಸುತ್ತದೆ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಕುಳಿತೇ ಇರುತ್ತಾರೆ, ಹಿಂದಿನ ಪರದೆ ಕದಲುವುದಿಲ್ಲ. ಅಲ್ಲಿ 720ಪಿಗೆ 1000ದಿಂದ 1200 ಕಿಲೋಬಿಟ್ ಸಾಕಾಗುತ್ತದೆ. ಯಕ್ಷಗಾನದ ಬಯಲಾಟದಲ್ಲಾದರೋ ಬಣ್ಣದ ವೇಷದ ಪ್ರವೇಶ, ಗಿರಕಿ, ಮಿನುಗುವ ಕಿರೀಟ, ಎದೆಪದಕ ಎಲ್ಲವೂ ಕ್ಷಣಕ್ಷಣಕ್ಕೆ ಬದಲಾಗುತ್ತವೆ. ಅದೇ 1000 ಕಿಲೋಬಿಟ್ಟಿನಲ್ಲಿ ಗಿರಕಿಯ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆದು ವೇಷವೇ ಕಲಸಿಹೋಗುತ್ತದೆ. ಅಲ್ಲಿ 2500ರಿಂದ 3500 ಬೇಕು. ಮಂದ ಬೆಳಕಿನ ಮುದ್ರಣಕ್ಕೂ ಹೆಚ್ಚು ಬೇಕಾಗುತ್ತದೆ. ಏಕೆಂದರೆ ಕತ್ತಲಿನಲ್ಲಿ ಕುಣಿಯುವ ಚುಕ್ಕೆಗಳನ್ನೂ ತಂತ್ರಾಂಶವು ಬದಲಾವಣೆಯೆಂದೇ ಎಣಿಸುತ್ತದೆ.

ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಬಿಟ್ ರೇಟಿನ ಬದಲು ‘ಕಾನ್‌ಸ್ಟಂಟ್ ಕ್ವಾಲಿಟಿ’ ಎಂಬ ಆಯ್ಕೆಯಿದೆ. ಇದರಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಗುಣ ಹೆಚ್ಚು. 20ರಿಂದ 23ರ ನಡುವೆ ಇಟ್ಟರೆ ಎಲ್ಲಿ ಎಷ್ಟು ಬೇಕೋ ಅಷ್ಟನ್ನು ಅದೇ ಹಂಚಿಕೊಳ್ಳುತ್ತದೆ. ಅಂತಿಮ ಗಾತ್ರವನ್ನು ಮೊದಲೇ ಹೇಳಲಾಗದೆಂಬುದೊಂದೇ ಇದರ ಕೊರತೆ. ಅದರಲ್ಲಿಯೇ ಇರುವ ‘ವೆಬ್ ಆಪ್ಟಿಮೈಸ್ಡ್’ ಎಂಬ ಗುರುತು ಹಾಕಿದರೆ ಕಡತದ ಸೂಚಿ ಆರಂಭದಲ್ಲಿಯೇ ಇರುವುದರಿಂದ ಅಂತರಜಾಲದಲ್ಲಿ ಪೂರ್ತಿ ಇಳಿಯುವ ಮೊದಲೇ ನೋಡತೊಡಗಬಹುದು.

ಧ್ವನಿಯನ್ನು ಕಡೆಗಣಿಸಬಾರದು

ಗಾತ್ರ ಉಳಿಸುವ ಆತುರದಲ್ಲಿ ಮೊದಲು ಕತ್ತರಿ ಬೀಳುವುದು ಧ್ವನಿಗೆ. ಇದು ವಿವೇಕವಲ್ಲ. 128 ಕಿಲೋಬಿಟ್ಟಿನ ಧ್ವನಿ ಗಂಟೆಗೆ ತೆಗೆದುಕೊಳ್ಳುವುದು ಸುಮಾರು 58 ಎಂಬಿ ಮಾತ್ರ. ಮೇಲೆ ಹೇಳಿದ 1.2 ಜಿಬಿಯಲ್ಲಿ ಅದು ಇಪ್ಪತ್ತರಲ್ಲೊಂದು ಪಾಲು. ಅದನ್ನು ಅರ್ಧಕ್ಕಿಳಿಸಿದರೂ ಉಳಿತಾಯ ನಗಣ್ಯ, ನಷ್ಟ ಮಾತ್ರ ಎದ್ದು ಕೇಳಿಸುತ್ತದೆ. ಚಿತ್ರ ಸ್ವಲ್ಪ ಮಸುಕಾದರೂ ಗಮಕವನ್ನು ಆಲಿಸಬಹುದು. ಧ್ವನಿ ಕೆಟ್ಟರೆ ಉಳಿಯುವುದೇನು?

ಹಳೆಯ 3ಜಿಪಿ ಕಡತಗಳಲ್ಲಿದ್ದ ಎಎಂಆರ್ ಸಂಕೇತವನ್ನು ರೂಪಿಸಿದ್ದು ದೂರವಾಣಿಯ ಮಾತಿಗಾಗಿ. ಅದು ಸೆಕೆಂಡಿಗೆ 8000 ಬಾರಿ ಮಾತ್ರ ಧ್ವನಿಯ ಮಾದರಿಯನ್ನು ಹಿಡಿಯುತ್ತಿತ್ತು. ಹಾಗೆ ಹಿಡಿದಾಗ ಅದರ ಅರ್ಧದಷ್ಟು, ಎಂದರೆ 4000 ಹರ್ಟ್ಸಿಗಿಂತ ಮೇಲಿನ ಸ್ವರಾಂಶಗಳು ಉಳಿಯುವುದಿಲ್ಲ. ಚೆಂಡೆಯ ಮೊನಚು, ತಾಳದ ಕಿಣಿಕಿಣಿ ಮಾಯವಾಗುವುದಲ್ಲದೆ ಸಕಾರದ ಬಹುಪಾಲು ಶಕ್ತಿ ಆ ಎತ್ತರದಲ್ಲಿಯೇ ಇರುವುದರಿಂದ ಸಕಾರ ಶಕಾರಗಳ ಭೇದವೂ ಮಸುಕಾಗುತ್ತದೆ. ಉಚ್ಚಾರಶುದ್ಧಿಯೇ ಪ್ರಾಣವಾಗಿರುವ ಕಲೆಗಳಿಗೆ ಇದು ಸಣ್ಣ ಹಾನಿಯಲ್ಲ.

ಆದುದರಿಂದ ದೃಶ್ಯದೊಡನೆ ಇರುವ ಧ್ವನಿಗೆ 48,000 ಮಾದರಿ, ಎಎಸಿ, ಎರಡು ವಾಹಿನಿ, 128ರಿಂದ 160 ಕಿಲೋಬಿಟ್ ಇಡಬಹುದು. ಶಾಸ್ತ್ರೀಯ ಸಂಗೀತಕ್ಕೆ 192 ಇದ್ದರೆ ಒಳ್ಳೆಯದು. ತೀರ ಕಡಿಮೆ ಬಿಟ್ ರೇಟಿನಲ್ಲಿ ತಂಬೂರಿಯ ನಾದ ನೀರಿನೊಳಗಿಂದ ಬಂದಂತೆ ಅಲುಗಾಡುತ್ತದೆ. ಉಪನ್ಯಾಸದ ಧ್ವನಿ ಮಾತ್ರ ಬೇಕಿದ್ದರೆ ಒಂದೇ ವಾಹಿನಿಯ 64 ಕಿಲೋಬಿಟ್ ಸಾಕು. ಗಂಟೆಯ ಭಾಷಣ 29 ಎಂಬಿಯಲ್ಲಿ ಮುಗಿಯುತ್ತದೆ. ಕಾಪಿಡುವ ಪ್ರತಿಗಾದರೆ ಏನನ್ನೂ ಕಳೆಯದ ವೇವ್ ಅಥವಾ ಫ್ಲ್ಯಾಕ್ ರೂಪವೇ ಆಗಬೇಕು.

ಇನ್ನು ಕೆಲವು ಪ್ರಾಯೋಗಿಕ ಸೂಚನೆಗಳು. ಮೈಕಿನ ಧ್ವನಿ ಒಂದೇ ವಾಹಿನಿಯಲ್ಲಿ ಮುದ್ರಿತವಾಗಿದ್ದರೆ ಇಯರ್‌ಫೋನಿನಲ್ಲಿ ಒಂದೇ ಕಿವಿಗೆ ಕೇಳಿಸುತ್ತದೆ. ಅದನ್ನು ಎರಡಕ್ಕೂ ಹಂಚಬೇಕು. ಧ್ವನಿಯ ಗರಿಷ್ಠ ಮಟ್ಟವನ್ನು ಸೊನ್ನೆಗಿಂತ 1 ಡೆಸಿಬಲ್ ಕೆಳಗೆ ನಿಲ್ಲಿಸಿದರೆ ಒಡಕು ಬಾರದು. ಗದ್ದಲ ನಿವಾರಿಸುವ ಸಾಧನವನ್ನು ಮಿತವಾಗಿ ಬಳಸಬೇಕು. ಎಡೆಬಿಡದೆ ಕೇಳುವ ಸದ್ದನ್ನೇ ಗದ್ದಲವೆಂದು ಅದು ತಿಳಿಯುವುದರಿಂದ ಫ್ಯಾನಿನ ಸದ್ದಿನೊಡನೆ ಶ್ರುತಿಪೆಟ್ಟಿಗೆಯ ನಾದವನ್ನೂ ಅಳಿಸಿಹಾಕುವ ಅಪಾಯವಿದೆ.

ಕಳುಹಿಸುವ ದಾರಿ

ವಾಟ್ಸ್ಆ್ಯಪಿನಲ್ಲಿ ‘ವಿಡಿಯೋ’ ಎಂದು ಕಳುಹಿಸಿದ ಕಡತ ದಾರಿಯಲ್ಲಿ ಮತ್ತೊಮ್ಮೆ ಕುಗ್ಗುತ್ತದೆ. ನಾವು ಎಷ್ಟು ಶ್ರದ್ಧೆಯಿಂದ ಸಿದ್ಧಪಡಿಸಿದ್ದರೂ ಅದು ವ್ಯರ್ಥ. ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಇದ್ದಂತೆಯೇ ತಲುಪುತ್ತದೆ. ಇದರ ಮಿತಿಯನ್ನು 2022ರಲ್ಲಿ 2 ಜಿಬಿಗೆ ಏರಿಸಲಾಯಿತು. ಯೂಟ್ಯೂಬ್ ಕೂಡ ಪ್ರತಿಯೊಂದನ್ನೂ ತಾನೇ ಪುನಃ ಕುಗ್ಗಿಸುವುದರಿಂದ ಅಲ್ಲಿಗೆ ಮೊಬೈಲಿನ ಪ್ರತಿಯನ್ನು ಕೊಡದೆ ಹೆಚ್ಚಿನ ಗುಣದ ಪ್ರತಿಯನ್ನೇ ಕೊಡಬೇಕು. ಸಾಧಾರಣ ವೇಗದ 1080ಪಿ ಚಿತ್ರಕ್ಕೆ 8 ಮೆಗಾಬಿಟ್, 720ಪಿಗೆ 5 ಮೆಗಾಬಿಟ್ ಎಂಬುದು ಆ ತಾಣದ್ದೇ ಸಲಹೆ.

ಸಂಗ್ರಹ

ಯಕ್ಷಗಾನ, ನೃತ್ಯ: ಎಂಪಿ4, ಎಚ್.264, 720ಪಿ, 2500ರಿಂದ 3500 ಕಿಲೋಬಿಟ್. ಧ್ವನಿ ಎಎಸಿ 160.
ತಾಳಮದ್ದಳೆ, ಗಮಕ, ಸಭೆ: 720ಪಿ, 1000ದಿಂದ 1200 ಕಿಲೋಬಿಟ್, ಧ್ವನಿ 128.
ಸಂಗೀತ ಕಛೇರಿ: 720ಪಿ, 1200ರಿಂದ 1500 ಕಿಲೋಬಿಟ್, ಧ್ವನಿ 192.
ಹಳೆಯ 4:3 ಟೇಪು: 768×576, 25 ಚೌಕಟ್ಟು, ಡಿಇಂಟರ್‌ಲೇಸ್, 1500ರಿಂದ 2000 ಕಿಲೋಬಿಟ್; ಧ್ವನಿ 160.
ಭಾಷಣದ ಧ್ವನಿ ಮಾತ್ರ: ಎಎಸಿ, ಒಂದು ವಾಹಿನಿ, 64 ಕಿಲೋಬಿಟ್.

ಪೂರ್ಣ ಕಾರ್ಯಕ್ರಮವನ್ನು ಪರಿವರ್ತಿಸುವ ಮುನ್ನ ಅತ್ಯಂತ ರಭಸದ ಒಂದು ನಿಮಿಷವನ್ನು ಆರಿಸಿ ಪರೀಕ್ಷಾರ್ಥ ಕಡತವೊಂದನ್ನು ಮಾಡಿ, ಮನೆಯಲ್ಲಿರುವ ಅತ್ಯಂತ ಹಳೆಯ ಮೊಬೈಲಿನಲ್ಲಿ ನೋಡಬೇಕು. ಅಲ್ಲಿ ಸರಿಯಾಗಿ ನಡೆದರೆ ಬೇರೆಡೆಯೂ ನಡೆಯುವ ಭರವಸೆಯಿದೆ. ಎಲ್ಲ ಮುಗಿದ ಮೇಲೆ ಮೂಲಪ್ರತಿಯನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ, ಸಾಧ್ಯವಾದರೆ ಎರಡು ಮನೆಗಳಲ್ಲಿ, ದಿನಾಂಕ ಮತ್ತು ಕಲಾವಿದರ ಹೆಸರುಗಳನ್ನು ಬರೆದು ಇರಿಸಿಕೊಳ್ಳತಕ್ಕದ್ದು. ಮೊಬೈಲುಗಳು ಬದಲಾಗುತ್ತವೆ, ಸಂಕೇತಗಳೂ ಬದಲಾಗುತ್ತವೆ. ಮೂಲವಿದ್ದರೆ ಮುಂದಿನವರು ತಮ್ಮ ಕಾಲದ ಉಪಕರಣಕ್ಕೆ ತಕ್ಕ ಪ್ರತಿಯನ್ನು ತಾವೇ ಮಾಡಿಕೊಂಡಾರು.