ವೇಗ ನೋಡುವವರು ಯಾರು?

1990ರ ಫೆಬ್ರವರಿ 14ರ ವಿಮಾನ ದುರಂತದ ಮಾತೆತ್ತಿದರೆ ಬಸವನಗುಡಿಯ ನಮ್ಮ ಮನೆಯ ಹಿರಿಯರು ಈಗಲೂ 'ಪೈಲಟ್ ಮೈಮರೆತ' ಎಂದು ಮಾತು ಮುಗಿಸುತ್ತಾರೆ. ನಾನು ಹುಟ್ಟುವ ಮೊದಲಿನ ಘಟನೆ ಅದು. ಸಂಶೋಧನೆಗೆಂದು ವಿವರಗಳನ್ನು ಓದುತ್ತಾ ಹೋದಂತೆ ಆ ಮಾತನ್ನು ಒಪ್ಪುವುದು ನನಗೆ ಕಷ್ಟವಾಗಿದೆ.

ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605, ಎಚ್‌ಎಎಲ್ ರನ್‌ವೇ ತಲುಪುವ ಮುನ್ನವೇ ಗಾಲ್ಫ್ ಮೈದಾನಕ್ಕೆ ಬಡಿಯಿತು. 146 ಮಂದಿಯಲ್ಲಿ 92 ಜನ ಸತ್ತರು. ನಡುಹಗಲು, ರನ್‌ವೇ ಕಣ್ಣೆದುರಿಗೇ ಇತ್ತು. ಹೊಚ್ಚಹೊಸ ಏರ್‌ಬಸ್ ಎ-320. ಒಬ್ಬ ಕ್ಯಾಪ್ಟನ್ ಹಾರಿಸುತ್ತಿದ್ದರು, ಪಕ್ಕದ ಕ್ಯಾಪ್ಟನ್ ಅವರನ್ನು ಪರೀಕ್ಷಿಸುತ್ತಿದ್ದರು. ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲೇ ಉಳಿದು, 132 ನಾಟ್ ಇರಬೇಕಾದ ವೇಗ 106ಕ್ಕೆ ಕುಸಿಯಿತು. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ವಿಚಾರಣೆ ಪೈಲಟ್‌ಗಳ ತಪ್ಪನ್ನು ಗುರುತಿಸಿತು. ತಪ್ಪು ಹೌದು. ಆದರೆ ಅವರು ಮಂಪರಿನಲ್ಲಿರಲಿಲ್ಲ. ಕೊನೆಯ ಕ್ಷಣಗಳಲ್ಲಿ ಇಬ್ಬರೂ ದಾರಿ ತೋರುವ 'ಫ್ಲೈಟ್ ಡೈರೆಕ್ಟರ್' ಆರಿಸುವ ಮಾತಿನಲ್ಲಿದ್ದರು. ಒಂದು ಆರಿತ್ತು, ಇನ್ನೊಂದು ಉಳಿದಿತ್ತು. ಎರಡನ್ನೂ ಮೊದಲೇ ಆರಿಸಿದ್ದರೆ ಎಂಜಿನ್ ತಾನೇ ವೇಗ ಕಾಯುವ ಕ್ರಮಕ್ಕೆ ಮರಳುತ್ತಿತ್ತು.

1972ರಲ್ಲಿ ಅಮೆರಿಕದ ಫ್ಲಾರಿಡಾದಲ್ಲೂ ಹೀಗೇ. ಚಕ್ರ ಇಳಿದಿದೆಯೆಂದು ತಿಳಿಸುವ ಪುಟ್ಟ ಬಲ್ಬು ಉರಿಯಲಿಲ್ಲ. ಕಾಕ್‌ಪಿಟ್ಟಿನವರೆಲ್ಲ ಅದರ ಹಿಂದೆ ಬಿದ್ದಾಗ ಈಸ್ಟರ್ನ್ 401 ಸದ್ದಿಲ್ಲದೆ ಜೌಗಿಗೆ ಇಳಿಯಿತು.

ದೊಡ್ಡ ವಿಮಾನದಲ್ಲಿ ಎರಡು ಜೋಡಿ ಕಣ್ಣಾದರೂ ಇರುತ್ತವೆ. ನಮ್ಮ ಜಕ್ಕೂರಿನಂಥ ಕಡೆ ಸಣ್ಣ ವಿಮಾನವನ್ನು ಒಬ್ಬರೇ ಇಳಿಸುವಾಗ ರೇಡಿಯೊ, ಫ್ಲ್ಯಾಪ್, ಅಡ್ಡಗಾಳಿ, ವೇಗ ಎಲ್ಲಕ್ಕೂ ಒಂದೇ ಜೋಡಿ. ಅದಕ್ಕೇ ಕಲಿಸುವವರು ಹೇಳುವುದು: ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಮಾತು ಕೊನೆಗೆ.