ಅನುಭಾವ: ಕ್ರೈಸ್ತ–ಬೌದ್ಧ ತೌಲನಿಕ ಅಧ್ಯಯನದ ಇತಿಹಾಸ

ಕ್ರೈಸ್ತ ಮತ್ತು ಬೌದ್ಧ ಅನುಭಾವಗಳ ತೌಲನಿಕ ಅಧ್ಯಯನ ಒಂದು ಶಿಸ್ತಾಗಿ ಬೆಳೆದದ್ದು 20ನೆಯ ಶತಮಾನದಲ್ಲಿ. ಎರಡು ಧರ್ಮಗಳ ನಂಟು ಮಾತ್ರ ಅದಕ್ಕಿಂತ ಬಹಳ ಹಳೆಯದು. ಬುದ್ಧನ ಜೀವನಕಥೆ ಅರಬ್ಬೀ, ಜಾರ್ಜಿಯನ್, ಗ್ರೀಕ್ ಭಾಷೆಗಳನ್ನು ಹಾದು ಮಧ್ಯಯುಗದ ಯುರೋಪನ್ನು ಮುಟ್ಟುವ ಹೊತ್ತಿಗೆ ಕ್ರೈಸ್ತ ಸಂತ ಜೋಸಫಾತನ ಕಥೆಯಾಗಿತ್ತು.

ಬೌದ್ಧ ತತ್ತ್ವವನ್ನು ಮೂಲದಲ್ಲೇ ಓದಿದ ಮೊದಮೊದಲ ಯುರೋಪಿಯನ್ನರಲ್ಲಿ ಇಟಲಿಯ ಜೆಸ್ಯೂಟ್ ಪಾದ್ರಿ ಇಪ್ಪೊಲಿತೊ ದೆಸಿದೇರಿ (1684–1733) ಮುಖ್ಯನಾದವನು. 1716ರಲ್ಲಿ ಲಾಸಾ ತಲುಪಿದ ಈತ ಅಲ್ಲಿನ ಸೆರಾ ಬೌದ್ಧ ಮಠದಲ್ಲಿ ಅಭ್ಯಾಸ ಮಾಡಿ, ಪುನರ್ಜನ್ಮ ಮತ್ತು ಶೂನ್ಯತೆಗಳ ಖಂಡನೆಯನ್ನು ಟಿಬೆಟನ್ ಭಾಷೆಯಲ್ಲೇ ಬರೆದ. ಉದ್ದೇಶ ಮತಪ್ರಚಾರವೇ ಆದರೂ, ಮುಂದೆ ಬೌದ್ಧಧರ್ಮವನ್ನು ಹೊಗಳಿ ಬರೆದ ಎಷ್ಟೋ ಜನರಿಗಿಂತ ಈ ಪ್ರತಿವಾದಿಯ ಓದು ಆಳವಾದದ್ದು.

ಆಧುನಿಕ ಹೋಲಿಕೆಯ ಕೇಂದ್ರದಲ್ಲಿ ನಿಂತವನು ಜರ್ಮನಿಯ ಡೊಮಿನಿಕನ್ ಪಂಥದ ಮೈಸ್ಟರ್ ಎಕ್‌ಹಾರ್ಟ್. ದೇವರನ್ನು ಕುರಿತ ಕಲ್ಪನೆಗಳನ್ನೂ ಬಿಟ್ಟುಕೊಡಬೇಕೆಂದು ಬೋಧಿಸಿದ ಇವನ 28 ಹೇಳಿಕೆಗಳನ್ನು ಪೋಪ್ 22ನೆಯ ಜಾನ್ 1329ರಲ್ಲಿ ಖಂಡಿಸಿದ. ಜಪಾನಿನ ಝೆನ್ ಬೌದ್ಧ ವಿದ್ವಾಂಸ ಡಿ.ಟಿ. ಸುಜುಕಿ 1957ರ ತನ್ನ ಗ್ರಂಥದಲ್ಲಿ ಎಕ್‌ಹಾರ್ಟನನ್ನು ಝೆನ್‌ಗೆ ತೀರ ಹತ್ತಿರದವನೆಂದು ಕಂಡ. ಜಪಾನಿನದೇ ಕ್ಯೋಟೋ ತತ್ತ್ವಶಾಸ್ತ್ರ ಪಂಥದ ಉಯೆದಾ ಶಿಜುತೆರು ಇನ್ನೂ ಸೂಕ್ಷ್ಮವಾಗಿ ನೋಡಿದ. ಯೇಸುವಿನ ಪಾದದ ಬಳಿ ಕೂತು ಕೇಳುವ ಮರಿಯಳಿಗಿಂತ ಮನೆಗೆಲಸದಲ್ಲಿ ಮುಳುಗಿದ ಮಾರ್ತಳೇ ಹೆಚ್ಚು ಪಕ್ವಳು ಎಂಬುದು ಎಕ್‌ಹಾರ್ಟನ ಪ್ರವಚನವೊಂದರ ಮಾತು. ಝೆನ್‌ನಲ್ಲಿ ಪ್ರಸಿದ್ಧವಾದ, ಎತ್ತನ್ನು ಅರಸುವ ಹತ್ತು ಚಿತ್ರಗಳಲ್ಲಿ ಎಂಟನೆಯದು ಬರಿಯ ಖಾಲಿ ವೃತ್ತ. ಆದರೆ ಮಾಲೆ ಮುಗಿಯುವುದು ಸಾಧಕ ಸಂತೆಗೆ ಮರಳುವುದರಲ್ಲಿ. ನಿತ್ಯದ ಬದುಕಿಗೆ ಹೀಗೆ ಮರಳುವುದರಲ್ಲೇ ಉಯೆದಾ ಎರಡರ ಸಾಮ್ಯ ಕಂಡ. ಹಾಗಿದ್ದೂ ಝೆನ್‌ನ ಶೂನ್ಯ ಎಕ್‌ಹಾರ್ಟನ ದೈವತ್ವಕ್ಕಿಂತ ಮುಂದೆ ಹೋಗುತ್ತದೆಂದೇ ಅವನ ನಿಲುವು.

ಇಂಥ ಹೋಲಿಕೆ ಎಷ್ಟು ದೂರ ಸಾಗಬಹುದೆಂಬ ಚರ್ಚೆಯೂ ನಡೆಯಿತು. ಎಲ್ಲ ಅನುಭಾವದ ತಿರುಳು ಒಂದೇ ಎಂದು ತತ್ತ್ವಜ್ಞಾನಿ ಡಬ್ಲ್ಯು.ಟಿ. ಸ್ಟೇಸ್ 1960ರಲ್ಲಿ ವಾದಿಸಿದ. ವಿದ್ವಾಂಸ ಸ್ಟೀವನ್ ಕಾಟ್ಜ್ 1978ರಲ್ಲಿ ಇದನ್ನು ಅಲ್ಲಗಳೆದು, ಸಾಧಕನ ಪರಂಪರೆಯೇ ಅವನ ಅನುಭವವನ್ನು ರೂಪಿಸುತ್ತದೆ ಎಂದ. ಗ್ರಂಥಗಳನ್ನು ಬಿಚ್ಚಿ ನೋಡಿದರೆ ಕಾಟ್ಜನ ಮಾತಿಗೆ ತೂಕ ಹೆಚ್ಚು. 5ನೆಯ ಶತಮಾನದಲ್ಲಿ ಶ್ರೀಲಂಕೆಯಲ್ಲಿ ಬುದ್ಧಘೋಷ ರಚಿಸಿದ ವಿಸುದ್ಧಿಮಗ್ಗ, ಧ್ಯಾನದಲ್ಲಿ ದೃಷ್ಟಿ ನೆಡಲು ಬೇಕಾದ ಮಣ್ಣಿನ ಬಿಲ್ಲೆ ಒಂದು ಗೇಣು ನಾಲ್ಕು ಬೆರಳು ಅಗಲವಿರಲಿ, ಮಣ್ಣು ಅರುಣವರ್ಣದ್ದಾಗಿರಲಿ ಎಂಬಲ್ಲಿಂದ ತೊಡಗಿ, ಬೇಕಾದಾಗ ಧ್ಯಾನದೊಳಗೆ ಹೋಗುವ, ಎಷ್ಟು ಹೊತ್ತು ಇರಬೇಕೆಂದು ನಿಶ್ಚಯಿಸುವ, ಸರಿಯಾಗಿ ಆಗಲೇ ಹೊರಬರುವ ಪಳಗಿಕೆಯನ್ನು ಕಲಿಸುತ್ತದೆ. ಸ್ಪೇನಿನ ಆವಿಲಾದ ತೆರೇಸಾ 1577ರಲ್ಲಿ ಬರೆದ ‘ಒಳಗಿನ ಕೋಟೆ’ಯಲ್ಲಿ ಐಕ್ಯದ ಕ್ಷಣ ಅರ್ಧ ಗಂಟೆಯಷ್ಟೂ ನಿಲ್ಲುವುದಿಲ್ಲ. ಅದನ್ನು ಬರಿಸಿಕೊಳ್ಳಲು ಮನುಷ್ಯಪ್ರಯತ್ನ ಸಾಲದು. ದೇವರು ಕೊಟ್ಟರೆ ಉಂಟು. ಶೂನ್ಯತೆಯ ಚರ್ಚೆಗೆ ಸಿಕ್ಕಷ್ಟು ಗಮನ ಈ ವ್ಯತ್ಯಾಸಕ್ಕೆ ಸಿಗಲಿಲ್ಲ, ಸಿಗಬೇಕಿತ್ತು.

ಆದರೆ ಕೃಪೆ ಕ್ರೈಸ್ತರದು, ಸಾಧನೆ ಬೌದ್ಧರದು ಎಂದು ಗೆರೆ ಎಳೆಯಲೂ ಆಗದು. ಜಪಾನಿನ ಶಿನ್ರಾನ್ (1173–1263) ಸ್ವಪ್ರಯತ್ನವನ್ನು ಪೂರ್ತಿ ಕೈಬಿಟ್ಟು ಅಮಿತಾಭ ಬುದ್ಧನ ಕರುಣೆಗೆ ಶರಣಾದವನು. ಸುಜುಕಿ 1957ರ ಅದೇ ಗ್ರಂಥದಲ್ಲಿ ಶಿನ್ರಾನನ ಪಂಥದ ಆಸಹರ ಸೈಚಿಗೂ ಜಾಗ ಕೊಟ್ಟ. ಸೈಚಿ ಮರದ ಪಾದುಕೆ ಮಾಡುತ್ತಿದ್ದ ಕುಶಲಕರ್ಮಿ; ಕೆಲಸದ ನಡುವೆ ಹೊಳೆದ ಪದಗಳನ್ನು ಮರದ ಚಕ್ಕೆಗಳ ಮೇಲೆಯೇ ಗೀಚಿಡುತ್ತಿದ್ದ.

ಪುಸ್ತಕದಾಚೆಗೂ ಈ ಸಂವಾದ ನಡೆದಿದೆ. ಹಿರೋಶಿಮಾದ ಬಾಂಬ್ ದಾಳಿಯಲ್ಲಿ ಬದುಕುಳಿದ ಜೆಸ್ಯೂಟ್ ಹ್ಯೂಗೊ ಲಸ್ಸಾಲ್ ಪಾದ್ರಿಯಾಗಿದ್ದುಕೊಂಡೇ ಝೆನ್ ಗುರುಗಳ ಬಳಿ ಸಾಧನೆ ಮಾಡಿದ. ಅಮೆರಿಕದ ಟ್ರಾಪಿಸ್ಟ್ ಕ್ರೈಸ್ತ ಪಂಥದ ಸನ್ಯಾಸಿ ಥಾಮಸ್ ಮರ್ಟನ್ 1968ರಲ್ಲಿ ಧರ್ಮಶಾಲಾ ಪಟ್ಟಣದಲ್ಲಿ ದಲೈ ಲಾಮಾರನ್ನು ಭೇಟಿಯಾದ. 1979ರಿಂದ ಜಪಾನಿನ ಭಿಕ್ಷುಗಳು ಯುರೋಪಿನ ಕ್ರೈಸ್ತ ಮಠಗಳಲ್ಲಿ ತಂಗುವ ವಿನಿಮಯ ಶುರುವಾಯಿತು. 1989ರಲ್ಲಿ ವ್ಯಾಟಿಕನ್ ಒಂದು ಪತ್ರ ಹೊರಡಿಸಿ, ಪೌರಸ್ತ್ಯ ಧ್ಯಾನಕ್ರಮಗಳು ಪ್ರಾರ್ಥನೆಗೆ ಸಿದ್ಧತೆಯಾಗಿ ನೆರವಾಗಬಹುದು, ಆದರೆ ಅವುಗಳಿಂದ ಬರುವ ಶಾಂತಿಯನ್ನು ಪವಿತ್ರಾತ್ಮನ ವರವೆಂದು ಭ್ರಮಿಸಬಾರದು ಎಂದು ಎಚ್ಚರಿಸಿತು.