ಕಾಸು, ಖರ್ಚು, ಲೋನು

ಒಂದು ಸೀಮೆಯ ಚರಿತ್ರೆಯನ್ನು ಅಲ್ಲಿಯ ಕೋಟೆ ಕೊತ್ತಲಗಳಲ್ಲಿ ಮಾತ್ರ ಹುಡುಕಬೇಕಾಗಿಲ್ಲ. ಜನರು ದುಡ್ಡಿನ ವಿಷಯದಲ್ಲಿ ಆಡುವ ಮಾತಿನಲ್ಲಿಯೂ ಅದು ಅಡಗಿರುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಕಡೆಯ ವಿದ್ಯಾರ್ಥಿಗಳಿಗೆ ಕನ್ನಡ ಪಾಠ ಹೇಳುವ ನಾನು, ಮನೆಯ ಜಮಾಖರ್ಚಿನ ಹತ್ತು ಪದಗಳನ್ನು ಬರೆಯಿರೆಂದು ಒಮ್ಮೆ ತರಗತಿಯಲ್ಲಿ ಕೇಳಿದೆ. ಲೋನು, ಇಎಂಐ, ಸೇವಿಂಗ್ಸ್, ಲೀಸು ಎಂದು ಪಟ್ಟಿ ಬೆಳೆಯಿತು. ಕನ್ನಡ ಕೆಟ್ಟಿತೆಂದು ಮರುಗುವ ಮುನ್ನ ಹಿಂದಿನ ಲೆಕ್ಕವನ್ನೊಮ್ಮೆ ತಿರುವಿಹಾಕುವುದು ಒಳ್ಳೆಯದು.

ಇಂದು ನಾವು ಸಂಪತ್ತಿಗೆಲ್ಲ ಹೇಳುವ ‘ಹಣ’ ಹಿಂದೆ ಒಂದು ಪುಟ್ಟ ಚಿನ್ನದ ನಾಣ್ಯ. ಕಂಠೀರವ ನರಸರಾಜ ಒಡೆಯರು (1638–1659) ಅಚ್ಚು ಹಾಕಿಸಿದ ಹಣ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು; ಹತ್ತು ಹಣಕ್ಕೆ ಒಂದು ವರಹ. ‘ದುಡ್ಡು’ ತಾಮ್ರದ ನಾಣ್ಯ. ನಾಣ್ಯಗಳು ಹೋದವು, ಹೆಸರುಗಳು ಉಳಿದವು.

1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ಹಿಡಿದ ಮೇಲೆ ಈ ಸೀಮೆ ಷಹಜಿಗೆ ಜಹಗೀರಾಯಿತು. 1687ರಲ್ಲಿ ಮೊಗಲರು ಸ್ಥಾಪಿಸಿದ ಶಿರಾ ಸುಭೆಗೆ ದೊಡ್ಡಬಳ್ಳಾಪುರ, ಹೊಸಕೋಟೆಗಳೂ ಪರಗಣೆಗಳಾಗಿ ಸೇರಿದವು. ಖರ್ಚು, ಬಾಕಿ, ವಸೂಲಿ, ಜಮಾ, ಅಸಲು ಇವೆಲ್ಲ ಪಾರಸಿಯ ದಾರಿಯಲ್ಲಿ ಬಂದ ಅರಬ್ಬಿ ಮೂಲದ ಮಾತುಗಳು. ಅಂಥ ಆಡಳಿತಗಳ ಕಾಲದಲ್ಲಿ ಶಾನುಭೋಗರ ಲೆಕ್ಕದಲ್ಲಿ ಬೇರೂರಿದವು. ‘ವೆಚ್ಚ’ವಾದರೋ ಸಂಸ್ಕೃತದ ‘ವ್ಯಯ’ದ ತದ್ಭವ. ಎರಡನ್ನೂ ಕೂಡಿಸಿ ನಮ್ಮ ಜನ ‘ಖರ್ಚುವೆಚ್ಚ’ವೆಂದರು.

ಹಾಗೆಂದು ಅರಸರು ಇಟ್ಟ ಹೆಸರೆಲ್ಲ ನಿಲ್ಲುವುದಿಲ್ಲ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ ತನ್ನ ನಾಣ್ಯಗಳಿಗೆ ಅಹ್ಮದಿ, ಸಿದ್ದಿಕಿ, ಫಾರೂಕಿ ಎಂದು ಹೊಸ ಹೆಸರುಗಳನ್ನಿಟ್ಟ. 1799ರಲ್ಲಿ ಅವನು ಮಡಿದ ಮೇಲೆ ಅವು ಜನರ ಬಾಯಲ್ಲಿ ಉಳಿಯಲಿಲ್ಲ.

ಅನಂತರ ಇಂಗ್ಲಿಷಿನ ಸರದಿ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿಯೂ ‘ಕ್ಯಾಶ್’ ಎಂದು ಇಂಗ್ಲಿಷಿನಲ್ಲಿಯೂ ಇತ್ತು. ಸ್ವಾರಸ್ಯವೇನೆಂದರೆ, ಸಣ್ಣ ನಾಣ್ಯವೆಂಬ ಅರ್ಥದ ಆ ‘ಕ್ಯಾಶ್’ ನಮ್ಮ ದಕ್ಷಿಣದ ‘ಕಾಸು’ ಪೋರ್ಚುಗೀಸರ ಮೂಲಕ ಹೋಗಿ ಪಡೆದ ರೂಪ. ನಗದೆಂಬ ಅರ್ಥದ ‘ಕ್ಯಾಶ್’ ಬೇರೆ, ಅದು ಪೆಟ್ಟಿಗೆಯೆಂಬ ಅರ್ಥದ ಫ್ರೆಂಚ್ ಮಾತಿನಿಂದ ಹುಟ್ಟಿದ್ದು. 1913ರಲ್ಲಿ ಮೈಸೂರು ಬ್ಯಾಂಕು ಸ್ಥಾಪನೆಯಾಯಿತು. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ಪೈಸೆಯದಾಯಿತು. ಆದರೂ ನಾವು ‘ಹದಿನಾರಾಣೆ ಸತ್ಯ’ವೆನ್ನುವುದನ್ನು ಬಿಟ್ಟಿಲ್ಲ.

ಕೆಲವು ಇಂಗ್ಲಿಷ್ ಮಾತುಗಳ ಒಳಗೆ ಹಳೆಯ ವ್ಯವಹಾರವೇ ಇದೆ. ಬೆಂಗಳೂರಿನ ಬೀದಿಗಳಲ್ಲಿ ‘ಮನೆ ಲೀಸಿಗೆ ಇದೆ’ ಎಂಬ ಬೋರ್ಡನ್ನು ಕಾಣುತ್ತೇವೆ. ಇಂಗ್ಲಿಷರ ಲೀಸಿನಲ್ಲಿ ಸಾಮಾನ್ಯವಾಗಿ ಬಾಡಿಗೆಯುಂಟು; ಇಲ್ಲಿ ಬಾಡಿಗೆಯಿಲ್ಲ. ಇಡಿಗಂಟು ಕೊಟ್ಟು ವಾಸವಿದ್ದು, ಅವಧಿ ಮುಗಿದಾಗ ಗಂಟನ್ನು ಹಿಂದಕ್ಕೆ ಪಡೆಯುವುದು. ಇದು ನಮ್ಮ ಅಜ್ಜಂದಿರ ‘ಭೋಗ್ಯ’ವಲ್ಲದೆ ಮತ್ತೇನು?

ಆದರೆ ‘ಲೋನಿ’ನ ವಿಷಯ ಹಾಗಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಯಿತು. ಸುತ್ತಣ ನೆಲದ ಬೆಲೆ ಏರಿತು. ಕಾರಿನ ಲೋನು, ಮನೆಯ ಲೋನು ಹಳ್ಳಿಯ ಜಗಲಿಯ ಮಾತಾದವು. ‘ಸಾಲ’ವೆಂದರೆ ದನಿ ತಗ್ಗಿಸುತ್ತಿದ್ದ ಮನೆಗಳಲ್ಲಿಯೇ ‘ಲೋನ್ ಸ್ಯಾಂಕ್ಷನ್ ಆಯಿತು’ ಎಂದು ಸಿಹಿ ಹಂಚುವುದನ್ನು ನಾನು ನೋಡಿದ್ದೇನೆ. ಪಡೆಯುವಾಗ ಅದು ಲೋನು. ತೀರಿಸಲಾರದೆ ತಲೆಯ ಮೇಲೆ ಕೈಹೊತ್ತು ಕುಳಿತಾಗ ಸಾಲ. ಮನ್ನಾ ಆಗಬೇಕೆಂದು ಕೇಳುವುದೂ ‘ಸಾಲ ಮನ್ನಾ’ವನ್ನೇ, ‘ಲೋನ್ ಮನ್ನಾ’ ಎಂದವರನ್ನು ನಾನು ಕಾಣೆ.

ಪರಭಾಷೆಯ ಪದ ಬಂದುದು ಕೇಡಲ್ಲ. ‘ಖರ್ಚು’, ‘ಬಾಕಿ’ಗಳಿಲ್ಲದೆ ನಮ್ಮ ಸಂಸಾರ ಒಂದು ದಿನವೂ ಸಾಗದು. ಆದರೆ ಅವು ಬಂದಾಗ ತಮ್ಮ ಭಾರವನ್ನೂ ಹೊತ್ತು ತಂದವು; ‘ಬಾಕಿ’ಯೆಂದರೆ ಇಂದಿಗೂ ಮನಸ್ಸು ಚುರುಕ್ಕೆನ್ನುತ್ತದೆ. ‘ಲೋನಿ’ಗೆ ಆ ಭಾರವಿನ್ನೂ ಬಂದಿಲ್ಲ. ಅದು ಬರುವವರೆಗೆ, ಕಾಗದಕ್ಕೆ ರುಜು ಹಾಕುವ ಮುನ್ನ ಮನೆಮಂದಿಯ ಮುಂದೆ ‘ಸಾಲ ಮಾಡುತ್ತಿದ್ದೇನೆ’ ಎಂದು ಬಾಯಿಬಿಟ್ಟು ಹೇಳುವುದು ಕ್ಷೇಮ.